ಹಳೇ ಮಿಕ್ಸಿ, ಸತ್ತ ಸೆಲ್ಲು ವಾಪಸ್ ತಗೊಳ್ಳೋದು ಅಂಗಡಿಯವನ ಕರ್ತವ್ಯವಾ? ಗೊತ್ತಿದ್ದವರು ಹೇಳಿ

ವೈರ್‌ಮ್ಯಾನ್_ಮಂಡ್ಯ, ಭಾನುವಾರ ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಪೇಟೆ ಬೀದಿ ಹತ್ತಿರ ನಮ್ಮದೊಂದು ಎಲೆಕ್ಟ್ರಿಕಲ್ ಅಂಗಡಿ. ಅಪ್ಪನ ಕಾಲದಲ್ಲಿ ವೈರು, ಸ್ವಿಚ್ಚು, ಮೋಟಾರ್ ಸ್ಟಾರ್ಟರ್ ಇಷ್ಟೇ ಇತ್ತು. ಈಗ ಮಿಕ್ಸಿ, ಫ್ಯಾನು, ಗೀಸರ್, ಇಂಡಕ್ಷನ್ ಒಲೆ, ಟ್ರಿಮ್ಮರು, ಪೆನ್ಸಿಲ್ ಸೆಲ್ಲು ಎಲ್ಲಾ ಇಟ್ಕೊಂಡಿದ್ದೀನಿ.

ನಿನ್ನೆ ಮಧ್ಯಾಹ್ನ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದ್ರು. ಹಳೇ ಗಿರಾಕಿ, ಚೌಕಾಸಿ ಮಾಡದೇ ಹೊಸ ಮಿಕ್ಸಿ ತಗೊಂಡ್ರು. ದುಡ್ಡು ಎಣಿಸಿ ಕೊಟ್ಟಾದ ಮೇಲೆ ಚೀಲದಿಂದ ಹಳೇದನ್ನ ತೆಗೆದು ಕೌಂಟರ್ ಮೇಲಿಟ್ರು. ಕಪ್ಲರ್ ಹಲ್ಲು ಸವೆದು ನುಣ್ಣಗಾಗಿತ್ತು, ಕೆಳಗಿನ ನಾಲ್ಕು ರಬ್ಬರ್ ಕಾಲಲ್ಲಿ ಒಂದೇ ಉಳಿದಿತ್ತು, ಸಂದಿಯಲ್ಲೆಲ್ಲ ಎಂದಿನದೋ ಚಟ್ನಿ. ಜೊತೆಗೆ ಹಾಲಿನ ಕವರ್ ತುಂಬ ಸತ್ತ ಸೆಲ್ಲು. "ಎಕ್ಸ್‌ಚೇಂಜ್ ಆಫರ್ ಇಲ್ಲ ಸಾರ್" ಅಂದೆ. "ಆಫರ್ ಯಾರಪ್ಪ ಕೇಳಿದ್ದು? ವಾಪಸ್ ತಗೊಳ್ಳೋದು ಕಾನೂನಿನ ಪ್ರಕಾರ ನಿನ್ನ ಕರ್ತವ್ಯ. ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ, ಅಲ್ಲಿ ಅಂಗಡಿಯವರು ತುಟಿಪಿಟಕ್ ಅನ್ನದೆ ತಗೋತಾರೆ" ಅಂದ್ರು.

ಗಿರಾಕಿ ಮುಖ ನೋಡಿ ಇಟ್ಕೊಂಡೆ. ಆದರೆ ಇಟ್ಕೊಂಡು ಏನ್ಮಾಡ್ಲಿ? ಮೆಟ್ಟಿಲ ಕೆಳಗೆ ಈಗಾಗಲೇ ಹದಿಮೂರು ಮಿಕ್ಸಿ, ಎರಡು ಗೀಸರ್, ಯಾರೋ "ಆಮೇಲೆ ಬಂದು ಒಯ್ತೀನಿ" ಅಂತ ಬಿಟ್ಟುಹೋದ ಡಬ್ಬಾ ಟಿವಿ ಮೂರು ಬಿದ್ದಿವೆ. ನಿಜವಾಗ್ಲೂ ಇಂಥ ಕಾನೂನು ನಮ್ಮಲ್ಲಿದೆಯಾ? ಇದ್ದರೆ ಹೇಳಿ, ಪಾಲಿಸೋಣ. ಇಲ್ಲದಿದ್ದರೂ ಹೇಳಿ, ಮೇಷ್ಟ್ರಿಗೆ ಉತ್ತರ ಕೊಡಬೇಕು.

ಮದ್ದೂರ್_ವಡೆ, ಭಾನುವಾರ ರಾತ್ರಿ 10.05

ಮೇಷ್ಟ್ರಿಗೆ ಉತ್ತರ ಕೊಟ್ಟು ಗೆದ್ದವರು ಯಾರೂ ಇಲ್ಲ ಬ್ರದರ್. ಸುಮ್ನೆ ಇಟ್ಕೊಳ್ಳಿ.

ರೂಲ್‌ಬುಕ್_ರಾಯರು, ಭಾನುವಾರ ರಾತ್ರಿ 11.20

ಮೈಸೂರಿನಲ್ಲಿ ಡಿಸ್ಟ್ರಿಬ್ಯೂಟರ್‌ಗಳ ಲೆಕ್ಕಪತ್ರ, ರಿಟರ್ನ್ಸ್ ನೋಡ್ಕೊಳ್ಳೋದು ನನ್ನ ಕೆಲಸ. ಈ ನಿಯಮಗಳನ್ನ ಬೇಡ ಅಂದ್ರೂ ಓದಲೇಬೇಕಾಗಿ ಬಂದಿದೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಿಮ್ಮ ಮೇಷ್ಟ್ರು ಸುಳ್ಳು ಹೇಳಿಲ್ಲ, ಹಳೇ ಪಠ್ಯ ಹೇಳಿದ್ದಾರೆ. 2016ರ ಇ-ತ್ಯಾಜ್ಯ ನಿಯಮಗಳಲ್ಲಿ ಡೀಲರ್‌ಗೆ ಅಂತಲೇ ಒಂದು ಭಾಗ ಇತ್ತು. ಕಂಪನಿ ಸಂಗ್ರಹದ ಜವಾಬ್ದಾರಿಯನ್ನ ಡೀಲರ್‌ಗೆ ಒಪ್ಪಿಸಿದ್ದರೆ ಅವನು ಅಂಗಡಿಯಲ್ಲಿ ಡಬ್ಬ ಇಡಬೇಕು, ಇಲ್ಲಾ ಒಂದು ಜಾಗ ಗುರುತು ಮಾಡಬೇಕು, ಬಂದದ್ದನ್ನ ಕಂಪನಿ ಹೇಳಿದ ಕಡೆಗೆ ಕಳಿಸಬೇಕು. ಕಂಪನಿಯದು ಠೇವಣಿ ವಾಪಸ್ ಯೋಜನೆ ಇದ್ದರೆ ಆ ದುಡ್ಡನ್ನ ಗಿರಾಕಿಗೆ ಕೊಡಬೇಕು. "ಕಂಪನಿ ಒಪ್ಪಿಸಿದ್ದರೆ" ಅನ್ನೋ ಮಾತು ಗಮನಿಸಿ. ನಮ್ಮ ಕಡೆ ಒಪ್ಪಿಸಿದ್ದನ್ನ ನಾನಂತೂ ಕಡಿಮೆ ಕಂಡಿದ್ದೀನಿ.

ಆಮೇಲೆ 2022ರ ನವೆಂಬರ್‌ನಲ್ಲಿ ಹೊಸ ನಿಯಮ ಬಂತು, 2023ರ ಏಪ್ರಿಲ್ 1ರಿಂದ ಜಾರಿ. ಇದರಲ್ಲಿ ತಯಾರಕ, ಉತ್ಪಾದಕ (ಅಂದ್ರೆ ತನ್ನ ಬ್ರ್ಯಾಂಡ್ ಹೆಸರಲ್ಲಿ ಮಾರುವವ), ರಿಪೇರಿ ಮಾಡಿ ಮತ್ತೆ ಮಾರುವವ, ರೀಸೈಕ್ಲರ್, ದೊಡ್ಡ ಬಳಕೆದಾರ ಇವರಿಗೆಲ್ಲ ಕರ್ತವ್ಯ ಇದೆ. ಡೀಲರ್ ಭಾಗವೇ ಮಾಯ. ಮೊದಲ ನಾಲ್ಕು ಜನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬೇರೆಯವರ ಬ್ರ್ಯಾಂಡ್ ಮಾರುವ ಸಾದಾ ಅಂಗಡಿಗೆ ಅದೂ ಇಲ್ಲ.

ಇದರಲ್ಲೊಂದು ತಮಾಷೆ ಇದೆ. 2016ರ ಪಟ್ಟಿಯಲ್ಲಿ ಇದ್ದದ್ದು 21 ಬಗೆ ಮಾತ್ರ: ಕಂಪ್ಯೂಟರ್, ಪ್ರಿಂಟರ್, ಮೊಬೈಲ್, ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಎಸಿ, ಟ್ಯೂಬ್‌ಲೈಟ್ ಥರದ್ದು. ಅಡುಗೆಮನೆಯ ಸಣ್ಣಪುಟ್ಟ ಸಾಮಾನು ಇರಲೇ ಇಲ್ಲ. ಹೊಸ ಪಟ್ಟಿ 106ಕ್ಕೆ ಬೆಳೆದು ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಟೋಸ್ಟರ್ ಎಲ್ಲ ಸೇರಿದವು. ಅಂದ್ರೆ ಕಾನೂನಿನಲ್ಲಿ ಅಂಗಡಿಯವನಿದ್ದಾಗ ಮಿಕ್ಸಿ ಇರಲಿಲ್ಲ, ಮಿಕ್ಸಿ ಒಳಗೆ ಬರೋ ಹೊತ್ತಿಗೆ ಅಂಗಡಿಯವನು ಹೊರಗೆ ಹೋಗಿದ್ದ.

ಸೆಲ್ಲಿನ ಕಥೆ ಬೇರೆ ನಿಯಮದಲ್ಲಿದೆ, ನಾಳೆ ಬರೀತೀನಿ.

ಒಂಟಿಕೊಪ್ಪಲ್_ಅಕ್ಕ, ಸೋಮವಾರ ಬೆಳಿಗ್ಗೆ 6.40

ರಾಯರೇ, ಕಾನೂನು ಏನೇ ಇರಲಿ, ನಮ್ಮಂಥವರು ಎಲ್ಲಿಗೆ ಹೋಗಬೇಕು ಹೇಳಿ. ನಮ್ಮನೇಲಿ ಒಂದು ಬಿಸ್ಕತ್ತಿನ ಡಬ್ಬ ಇದೆ. ಗೋಡೆ ಗಡಿಯಾರದ್ದು, ಟಿವಿ ರಿಮೋಟ್‌ದು, ಮೊಮ್ಮಗನ ಕಾರಿನದು, ಯಜಮಾನರ ಬಿ.ಪಿ. ಮಷೀನಿನದು ಎಲ್ಲ ಸೆಲ್ಲೂ ಅದರಲ್ಲೇ. ಆರು ವರ್ಷದ್ದು. ಮೊನ್ನೆ ತೆಗೆದು ನೋಡಿದ್ರೆ ಕೆಳಗಿನವು ಒಡೆದು ಬಿಳೀ ಉಪ್ಪಿನ ಥರ ಹೂ ಬಿಟ್ಟಿವೆ, ಡಬ್ಬದ ತಳ ತುಕ್ಕು ಹಿಡಿದು ತೂತು.

ಟಿಪ್ಪರ್ ಜೊತೆ ಬರೋ ಪೌರಕಾರ್ಮಿಕ ಹೆಂಗಸನ್ನ ಕೇಳಿದೆ. "ಹಸಿ ಕಸಕ್ಕಂತೂ ಹಾಕ್ಬೇಡಿ ಅಮ್ಮ, ಗೊಬ್ಬರ ಕೆಡುತ್ತೆ. ಒಣ ಕಸಕ್ಕೆ ಹಾಕಿದ್ರೆ ಆರಿಸೋವಾಗ ನಮ್ಮ ಕೈಗೇ ಸಿಗೋದು" ಅಂದ್ಲು. ಆಮೇಲೆ ಹಾಕೋ ಮನಸ್ಸೇ ಬರಲಿಲ್ಲ. ದೇಶದಲ್ಲೇ ಸ್ವಚ್ಛ ನಗರ ಅಂತ 2016ರಲ್ಲಿ ಮೊದಲ ಸ್ಥಾನ ತಗೊಂಡ ಊರು ನಮ್ಮ ಮೈಸೂರು, ಆದ್ರೂ ನನ್ನ ಡಬ್ಬ ಕಪಾಟಿನಿಂದ ಕೆಳಗಿಳಿದಿಲ್ಲ.

ಗುಜರಿ_ಗೌಡ, ಸೋಮವಾರ ಬೆಳಿಗ್ಗೆ 8.15

ವೈರ್‌ಮ್ಯಾನ್ ಅಣ್ಣ, ನಮ್ದು ಗುತ್ತಲು ಕಡೆ ಗುಜರಿ ಯಾಪಾರ. ನಿಮ್ ಮೆಟ್ಲು ಕೆಳಗಿರೋ ಮಾಲು ನಂಗೆ ಕಣ್ಣಿಗೆ ಕಟ್ತಾ ಐತೆ. ಮಿಕ್ಸಿ ಆದ್ರೆ ಯಾರಾದ್ರೂ ತಗತಾರೆ, ಮೋಟಾರಲ್ಲಿ ತಾಮ್ರ ಐತೆ. ಅದೂ ಈಚೀಚೆಗೆ ಬಿಚ್ಚಿದ್ರೆ ಅಲ್ಯೂಮಿನಿಯಂ ಸುತ್ತಿರೋದೇ ಜಾಸ್ತಿ, ಬಣ್ಣ ನೋಡಿ ತಾಮ್ರ ಅಂದ್ಕಂಡು ತಗಂಡು ನಾವೇ ಟೋಪಿ ಹಾಕುಸ್ಕಂಡಿದೀವಿ. ಗೀಸರಲ್ಲಿ ಒಳಗಿನ ಟ್ಯಾಂಕಿಗೆ ಬೆಲೆ. ಆದ್ರೆ ಆ ಡಬ್ಬಾ ಟಿವಿ ಪುಕ್ಸಟ್ಟೆ ಕೊಟ್ರೂ ಯಾರೂ ಮುಟ್ಟಾಕಿಲ್ಲ. ಗಾಜಿನ ಬುರುಡೇಲಿ ಸೀಸ ಸೇರೈತೆ, ಮಾರಾಕೂ ಆಗಕಿಲ್ಲ, ಮಡೀಕಳಾಕೂ ಆಗಕಿಲ್ಲ.

ಸೆಲ್ಲಿಗೆ ಒಂದು ರೂಪಾಯೂ ಇಲ್ಲ. ಬೆಲೆ ಇರೋದನ್ನ ಕಾನೂನು ಇಲ್ದೇನೇ ನಾವು ಮನೆ ಬಾಗ್ಲಿಗೆ ಬಂದು ಒಯ್ತೀವಿ ಅಣ್ಣ. ಕಾನೂನು ಬೇಕಾಗಿರೋದು ಬೆಲೆ ಇಲ್ದಿರೋದಕ್ಕೆ.

ಬೀದಿಬದಿ_ವಕೀಲ, ಸೋಮವಾರ ಬೆಳಿಗ್ಗೆ 9.02

ಗೌಡ್ರೇ, ಚೆನ್ನಾಗಿ ಹೇಳಿದ್ರಿ. ಆದ್ರೆ ಒಯ್ದ ಮೇಲೆ ಏನಾಗುತ್ತೆ ಅದನ್ನೂ ಹೇಳಿ. ವೈರ್ ಸುಡೋದು ಯಾರು?

ಗುಜರಿ_ಗೌಡ, ಸೋಮವಾರ ಬೆಳಿಗ್ಗೆ 9.30

ಸುಡೋರು ಅವ್ರೆ ಸಾರ್, ಸುಳ್ಯಾಕೆ ಹೇಳ್ಲಿ. ದಪ್ಪ ವೈರು ಸುಲಿಬೋದು, ಸಣ್ಣದು ಸುಲಿಯಾಕೆ ಕೂತ್ರೆ ಕೂಲಿ ಗಿಟ್ಟಕಿಲ್ಲ. ರಾತ್ರಿ ನಾಲೆ ಏರಿ ಮ್ಯಾಲೆ ಹಾಕಿ ಬೆಂಕಿ ಕೊಡ್ತಾರೆ. ನಮ್ಮಪ್ಪನೂ ಸುಟ್ಟವ್ನೇ, ಕೊನೆಗಾಲದಲ್ಲಿ ಕೆಮ್ಮಿ ಕೆಮ್ಮಿನೇ ಹೋದ. ನಾನು ಸುಡಾಕಿಲ್ಲ. ಅಂಗೇ ಕಟ್ಟಿ ಬೆಂಗ್ಳೂರಿಗೆ ಕಳುಸ್ತೀನಿ, ಅಲ್ಲಿ ಏನ್ ಮಾಡ್ತಾರೋ ನಾನು ನೋಡಾಕೆ ಹೋಗಿಲ್ಲ.

ಲೆಸ್ಟರ್_ಮೈಸೂರಿಗ, ಸೋಮವಾರ ಮಧ್ಯಾಹ್ನ 2.10

ಸರಸ್ವತಿಪುರಂ ಹುಡುಗ, ಈಗ ಇಂಗ್ಲೆಂಡಿನಲ್ಲಿದ್ದೀನಿ. ಓದೋವಾಗ ಎರಡು ವರ್ಷ ಸೂಪರ್‌ಮಾರ್ಕೆಟ್‌ನಲ್ಲಿ ಪಾರ್ಟ್‌ಟೈಮ್ ಮಾಡಿದ್ದೆ, ಗಿರಾಕಿಗಳು ಸತ್ತ ಸೆಲ್ಲು ಹಾಕೋ ಡಬ್ಬ ಖಾಲಿ ಮಾಡೋದು ನನ್ನ ಪಾಲಿಗೇ ಬರ್ತಿತ್ತು. ಹಾಗಾಗಿ ಮೇಷ್ಟ್ರ ಮಗಳ ಪರ ಸಾಕ್ಷಿ ಹೇಳ್ತೀನಿ.

ಇಲ್ಲಿ ವರ್ಷಕ್ಕೆ 32 ಕೆಜಿ ಅಥವಾ ಅದಕ್ಕಿಂತ ಹೆಚ್ಚು ಸಣ್ಣ ಬ್ಯಾಟರಿ ಮಾರುವ ಯಾವ ಅಂಗಡಿಯಾದ್ರೂ ಸತ್ತ ಸೆಲ್ಲನ್ನ ಬಿಟ್ಟಿಯಾಗಿ ವಾಪಸ್ ತಗೊಳ್ಳಲೇಬೇಕು. 2009ರ ಬ್ಯಾಟರಿ ನಿಯಮ, 2010ರ ಫೆಬ್ರುವರಿ 1ರಿಂದ ಅಂಗಡಿಗಳಿಗೆ ಜಾರಿ. ನೀವು ಅಲ್ಲಿ ಕೊಂಡಿರಬೇಕು ಅಂತಿಲ್ಲ, ಈಗ ಕೊಳ್ಳಬೇಕು ಅಂತಲೂ ಇಲ್ಲ. ತುಂಬಿದ ಮೇಲೆ ಅಂಗಡಿಯವನು ಫೋನ್ ಮಾಡಿದ್ರೆ ಬ್ಯಾಟರಿ ಕಂಪನಿಗಳು ದುಡ್ಡು ಹಾಕಿ ನಡೆಸೋ ಸಂಸ್ಥೆ ಬಂದು ಒಯ್ಯುತ್ತೆ. ಅಂಗಡಿಯವನ ಖರ್ಚು ಅಂದ್ರೆ ಆ ಮೂಲೆಯ ಜಾಗ ಮಾತ್ರ.

ಎಲೆಕ್ಟ್ರಿಕ್ ಸಾಮಾನಿಗೆ 2013ರ ನಿಯಮ ಬೇರೆ. ಹೊಸ ಕೆಟಲ್ ಕೊಂಡರೆ ಹಳೇ ಕೆಟಲ್ ಪುಕ್ಕಟೆ ತಗೋಬೇಕು. ಯಾವ ಬ್ರ್ಯಾಂಡ್ ಆದರೂ ಸರಿ, ಕೆಲಸ ಒಂದೇ ಆಗಿರಬೇಕು. ಅದೇ ದಿನ ತರದಿದ್ದರೆ 28 ದಿನ ಟೈಮ್ ಇದೆ. ಎಲೆಕ್ಟ್ರಿಕ್ ಸಾಮಾನು ಮಾರೋ ಜಾಗ 400 ಚದರ ಮೀಟರ್ ಮೀರಿದ್ರೆ, 25 ಸೆಂಟಿಮೀಟರ್‌ಗಿಂತ ಚಿಕ್ಕದನ್ನ ಏನೂ ಕೊಳ್ಳದೇ ಇದ್ರೂ ತಗೋಬೇಕು. ಆನ್‌ಲೈನ್ ಅಂಗಡಿಗೂ ಹೊಣೆ ಇದೆ, ಆದ್ರೆ ಮನೆಗೆ ಬಂದು ಒಯ್ಯೋಕೆ ಸಾಗಾಣಿಕೆ ದುಡ್ಡು ಕೇಳಬಹುದು. ವರ್ಷಕ್ಕೆ 1 ಲಕ್ಷ ಪೌಂಡ್‌ಗಿಂತ ಕಡಿಮೆ ಎಲೆಕ್ಟ್ರಿಕ್ ಸಾಮಾನು ಮಾರೋ ಸಣ್ಣವರು ಒಂದು ಯೋಜನೆಗೆ ಶುಲ್ಕ ಕಟ್ಟಿ "ಅಲ್ಲಿಗೆ ಹೋಗಿ ಕೊಡಿ" ಅಂತ ಗಿರಾಕಿಗೆ ದಾರಿ ತೋರಿಸಿದ್ರೆ ಸಾಕು. ಎಷ್ಟು ವಾಪಸ್ ಬಂತು ಅನ್ನೋ ಲೆಕ್ಕವನ್ನ ನಾಲ್ಕು ವರ್ಷ ಇಟ್ಟಿರಬೇಕು.

ಸ್ವರ್ಗ ಅಂದ್ಕೋಬೇಡಿ. ಆ ಡಬ್ಬದಲ್ಲಿ ಸೆಲ್ಲಿಗಿಂತ ಬಬಲ್‌ಗಮ್ ಕಾಗದ ಎಷ್ಟೋ ಸಲ ಜಾಸ್ತಿ ಇರ್ತಿತ್ತು. ಒಂದ್ಸಲ ಅರ್ಧ ತಿಂದ ಸ್ಯಾಂಡ್‌ವಿಚ್.

ವೈರ್‌ಮ್ಯಾನ್_ಮಂಡ್ಯ, ಸೋಮವಾರ ರಾತ್ರಿ 9.25

ಲೆಸ್ಟರ್ ಅವರೇ, 400 ಚದರ ಮೀಟರ್ ಅಂದ್ರೆ 4,300 ಚದರಡಿ. ನಮ್ಮದು 220, ಅದರಲ್ಲಿ ಮೆಟ್ಟಿಲೂ ಸೇರಿತು.

ಆದ್ರೆ ಆ 32 ಕೆಜಿ ಲೆಕ್ಕ ತಲೆ ತಿಂತು. ಪಕ್ಕದ ಅಕ್ಕಸಾಲಿ ಹತ್ರ ಹೋಗಿ ಹತ್ತು ಪೆನ್ಸಿಲ್ ಸೆಲ್ಲು ತೂಗಿಸಿದೆ. 168 ಗ್ರಾಂ ಬಂತು. "ಚಿನ್ನ ತೂಗೋ ತಕ್ಕಡಿಗೆ ಇದೇನು ತಂದ್ಯೋ" ಅಂತ ಬೈದ. 32 ಕೆಜಿಗೆ ಸುಮಾರು 1,900 ಸೆಲ್ಲು, ದಿನಕ್ಕೆ ಐದು ಚಿಲ್ಲರೆ. ನಾನು ಮಾರೋದು ದಿನಕ್ಕೆ ಹದಿನೈದಾದ್ರೂ ಇದೆ. ಅಂದ್ರೆ ಇಂಗ್ಲೆಂಡಿನ ಕಾನೂನು ಮಂಡ್ಯಕ್ಕೆ ಬಂದ್ರೆ ನನ್ನಂಥ 220 ಚದರಡಿಯವನೂ ಸಿಕ್ಕಿಬೀಳ್ತೀನಿ. ಮೂಲೆ ಮೇಲಿನ ಕಿರಾಣಿ ಅಂಗಡಿಯವನೂ ಅಷ್ಟೇ.

ರೂಲ್‌ಬುಕ್_ರಾಯರು, ಸೋಮವಾರ ರಾತ್ರಿ 11.05

ಮಾತು ಕೊಟ್ಟಂತೆ ಬ್ಯಾಟರಿ ವಿಷಯ. 2001ರಲ್ಲಿ ಬಂದ ನಿಯಮ ಬರೀ ಸೀಸ-ಆಸಿಡ್ ಬ್ಯಾಟರಿಗೆ, ಅಂದ್ರೆ ಕಾರು, ಟ್ರ್ಯಾಕ್ಟರ್, ಯುಪಿಎಸ್‌ನವು. ಅದರಲ್ಲಿ ಡೀಲರ್ ಮೇಲೆ ಸ್ಪಷ್ಟ ಹೊಣೆ ಇತ್ತು. ಹೊಸದು ಮಾರುವಾಗ ಹಳೇದನ್ನ ವಾಪಸ್ ತಗೋಬೇಕು, ಅದಕ್ಕೆ ಸೂಕ್ತ ರಿಯಾಯಿತಿ ಕೊಡಬೇಕು, ಎಷ್ಟು ಬಂತು ಅಂತ ಲೆಕ್ಕ ಸಲ್ಲಿಸಬೇಕು.

2022ರ ಆಗಸ್ಟ್‌ನಲ್ಲಿ ಅದನ್ನ ತೆಗೆದು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಈಗ ಎಲ್ಲ ಬಗೆಯೂ ಒಳಗೆ: ಗಡಿಯಾರದ ಸೆಲ್ಲು, ಮೊಬೈಲ್ ಬ್ಯಾಟರಿ, ಎಲೆಕ್ಟ್ರಿಕ್ ಸ್ಕೂಟರಿನದು, ಎಲ್ಲ. ನಿಯಮ ಯಾರಿಗೆ ಅನ್ವಯ ಅನ್ನೋ ಸಾಲಿನಲ್ಲಿ ಡೀಲರ್ ಹೆಸರಿದೆ. ಮುಂದೆ ಕರ್ತವ್ಯಗಳಿಗೆ ಬಂದ್ರೆ ಉತ್ಪಾದಕ, ಗ್ರಾಹಕ, ಸಂಗ್ರಹಿಸುವವ, ರೀಸೈಕ್ಲರ್ ಹೀಗೆ ಒಬ್ಬೊಬ್ಬರಿಗೂ ತಲೆಬರಹ ಉಂಟು, ಡೀಲರ್‌ಗೆ ಮಾತ್ರ ಇಲ್ಲ. ಮದುವೆ ಕಾಗದದಲ್ಲಿ ಹೆಸರು ಹಾಕಿ ಊಟದ ಎಲೆ ಹಾಕದ ಹಾಗೆ.

ಗ್ರಾಹಕನಿಗೆ ಮಾತ್ರ ನೇರ ಹೊಣೆ ಇದೆ. ಸತ್ತ ಬ್ಯಾಟರಿಯನ್ನ ಮನೆ ಕಸದ ಜೊತೆ ಬೆರೆಸಬಾರದು, ಸಂಗ್ರಹಿಸೋ ಅಥವಾ ರೀಸೈಕಲ್ ಮಾಡೋ ಕಡೆಗೇ ಕೊಡಬೇಕು. ಅಕ್ಕಾ, ನೀವು ಆರು ವರ್ಷ ಡಬ್ಬದಲ್ಲಿಟ್ಟಿದ್ದು ಅರ್ಧ ಕಾನೂನು ಪಾಲಿಸಿದ ಹಾಗೆ. ಇನ್ನರ್ಧಕ್ಕೆ ಜಾಗ ಬೇಕು. ಸೆಲ್ಲಿನ ಮೈಮೇಲೆ ಅಡ್ಡಗೆರೆ ಹೊಡೆದ ಚಕ್ರದ ಕಸದಬುಟ್ಟಿ ಚಿತ್ರ ಇರುತ್ತಲ್ಲ, ಅದರ ಅರ್ಥ ಇದೇ.

ಒಂಟಿಕೊಪ್ಪಲ್_ಅಕ್ಕ, ಸೋಮವಾರ ರಾತ್ರಿ 11.30

ಆ ಚಿತ್ರ ನೋಡಿ ನಾನು ಇಷ್ಟು ದಿನ "ಮಕ್ಕಳ ತಳ್ಳುಗಾಡಿಯಲ್ಲಿ ಇಡಬೇಡಿ" ಅಂತ ಅಂದ್ಕೊಂಡಿದ್ದೆ!

ಟ್ಯೂಬುಲರ್_150, ಮಂಗಳವಾರ ಬೆಳಿಗ್ಗೆ 10.40

ಮೈಸೂರಿನಲ್ಲಿ ಯುಪಿಎಸ್ ಬ್ಯಾಟರಿ ಡೀಲರ್. ರಾಯರು ಹೇಳಿದ 2001ರ ರಿಟರ್ನ್ಸ್ ಫಾರಂ ನಮ್ಮಪ್ಪ ಕೈಯಲ್ಲೇ ತುಂಬ್ತಿದ್ದರು. ಈಗ ಫಾರಂ ಹೋಗಿದೆ, ಆದ್ರೂ ಹಳೇ ಬ್ಯಾಟರಿ ವಾಪಸ್ ಬರೋದು ನಿಂತಿಲ್ಲ. ಯಾಕಂದ್ರೆ ಗೌಡ್ರು ಹೇಳಿದ್ದೇ, ಸೀಸಕ್ಕೆ ಬೆಲೆ ಇದೆ. 150 ಎಎಚ್ ಟ್ಯೂಬುಲರ್ ಒಂದು ಐವತ್ತು ಕೆಜಿ ಮೀರುತ್ತೆ. ಯಾವ ಗಿರಾಕಿನೂ ಬಿಟ್ಟು ಹೋಗಲ್ಲ, "ಹಳೇದಕ್ಕೆ ಎಷ್ಟು ಕಡಿತೀರಾ" ಅಂತಲೇ ಮಾತು ಶುರು.

ನಮ್ಮ ತೊಂದರೆ ಬೇರೆ. ಬೀದೀಲಿ ಬಂದು ಕೊಳ್ಳೋರು ಆಸಿಡ್ ಚೆಲ್ಲಿ ಒಣ ತೂಕಕ್ಕೆ ತಗೋತಾರೆ. ಎಲ್ಲಿ ಚೆಲ್ತಾರೆ? ಅಲ್ಲೇ ಮೋರಿಗೆ. ಕುವೆಂಪುನಗರದಲ್ಲಿ ಒಬ್ಬರ ಮನೆಗೆ ಬ್ಯಾಟರಿ ಬದಲಾಯಿಸೋಕೆ ಹೋಗಿದ್ದೆ. ಅವರ ಕೆಲಸದ ಹುಡುಗ, ಹೊರೋಕೆ ಹಗುರ ಆಗ್ಲಿ ಅಂತ, ಆರೂ ಮುಚ್ಚಳ ಬಿಚ್ಚಿ ಪಾರಿಜಾತದ ಬುಡಕ್ಕೆ ಬಗ್ಗಿಸಿಬಿಟ್ಟಿದ್ದ. ಸಿಮೆಂಟ್ ಕಟ್ಟೆ ಮೇಲೆ ಬಿದ್ದದ್ದು ಬುರುಬುರು ನೊರೆ ಬರ್ತಿತ್ತು, ಹುಡುಗನ ಪ್ಯಾಂಟಿನ ಮೊಣಕಾಲಲ್ಲಿ ತೂತು. ಎರಡು ತಿಂಗಳ ಮೇಲೆ ಹೋದ್ರೆ ಗಿಡ ಕಡ್ಡಿ ಆಗಿತ್ತು. ಆಮೇಲಿಂದ ನಾನು ಆಸಿಡ್ ಚೆಲ್ಲದ ಬ್ಯಾಟರಿನೇ ತಗೊಳ್ಳೋದು, ಖಾಲಿ ತಂದ್ರೆ ಕಡಿತ ಕಮ್ಮಿ. ಗಿರಾಕಿಗಳು ಜಗಳ ಆಡ್ತಾರೆ, ಆಡ್ಲಿ.

ಬೀದಿಬದಿ_ವಕೀಲ, ಮಂಗಳವಾರ ಮಧ್ಯಾಹ್ನ 1.15

ಹಾಗಾದ್ರೆ ದುಡ್ಡು ಎಲ್ಲಿ ಹೋಗ್ತಿದೆ ನೋಡಿ. ಹೊಸ ವ್ಯವಸ್ಥೆಯಲ್ಲಿ ಉತ್ಪಾದಕನಿಗೆ ಗುರಿ ಇದೆ. ಹಿಂದೆ ಮಾರಿದ ತೂಕದ ಲೆಕ್ಕದಲ್ಲಿ 2023-24 ಮತ್ತು 2024-25ಕ್ಕೆ ಶೇಕಡಾ 60, ಮುಂದಿನ ಎರಡು ವರ್ಷ 70, ಆಮೇಲೆ 80. ಅಷ್ಟು ಇ-ತ್ಯಾಜ್ಯ ರೀಸೈಕಲ್ ಆಯ್ತು ಅಂತ ತೋರಿಸಬೇಕು. ತೋರಿಸೋದು ಹೇಗೆ? ನೋಂದಾಯಿತ ರೀಸೈಕ್ಲರ್ ಹತ್ರ ಸರ್ಟಿಫಿಕೇಟ್ ಕೊಂಡು. ಕಂಪನಿ ನಿಮ್ಮ ಮೆಟ್ಟಿಲ ಕೆಳಗಿನ ಮಿಕ್ಸಿಯನ್ನ ಕಣ್ಣಲ್ಲೂ ನೋಡಬೇಕಾಗಿಲ್ಲ. ಸರ್ಟಿಫಿಕೇಟ್ ತೀರಾ ಅಗ್ಗ ಆಯ್ತು ಅಂತ ಸರ್ಕಾರ ಕೆಜಿಗೆ 22 ರೂಪಾಯಿ ಕನಿಷ್ಠ ದರ ಹಾಕಿದ್ದಕ್ಕೆ ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು.

ಆ ಇಪ್ಪತ್ತೆರಡರಲ್ಲಿ ಎರಡು ರೂಪಾಯಿ ವೈರ್‌ಮ್ಯಾನ್ ಕೈಗೆ ಬಂದಿದ್ರೆ ಅವರು ಬಾಗಿಲಲ್ಲೇ ಬೋರ್ಡ್ ಹಾಕ್ತಿದ್ರು. ಅಂಗಡಿಯವನನ್ನ ನಿಯಮದಿಂದ ಬಿಟ್ಟಿದ್ದು ಅವನ ಮೇಲಿನ ಕರುಣೆಗಲ್ಲ, ಅವನಿಗೆ ಕೊಡಬೇಕಾದ ಪಾಲು ಉಳೀತು ಅಂತ ನನ್ನ ಗುಮಾನಿ.

ರೂಲ್‌ಬುಕ್_ರಾಯರು, ಮಂಗಳವಾರ ಮಧ್ಯಾಹ್ನ 3.40

ವಕೀಲರ ಗುಮಾನಿಗೆ ನನ್ನ ಸಹಿ ಇಲ್ಲ. ಸಾವಿರಾರು ಸಣ್ಣ ಅಂಗಡಿಗಳ ಮೇಲೆ ಕಣ್ಣಿಡೋದಕ್ಕಿಂತ ಕೆಲವೇ ಕಂಪನಿಗಳನ್ನ ಹಿಡಿಯೋದು ಸುಲಭ ಅನ್ನೋ ಲೆಕ್ಕಾಚಾರ ಅದು. ಲೆಕ್ಕಾಚಾರ ಸರಿ, ಆದ್ರೆ ಜನ ಹಳೇ ಸಾಮಾನು ಹಿಡ್ಕೊಂಡು ಹೋಗೋದು ಪೋರ್ಟಲ್‌ಗಲ್ಲ, ಅಂಗಡಿಗೆ.

ಊರಿನ ಮಟ್ಟದಲ್ಲಿ ಹೊಣೆ ಇರೋದು ನಗರಸಭೆ, ಪಾಲಿಕೆಗಳಿಗೆ. ಕಸದಲ್ಲಿ ಬೆರೆತ ಇ-ತ್ಯಾಜ್ಯವನ್ನ ಬೇರ್ಪಡಿಸಿ ನೋಂದಾಯಿತರಿಗೆ ತಲುಪಿಸಬೇಕು, ವಾರಸುದಾರ ಕಂಪನಿ ಇಲ್ಲದ ಸಾಮಾನನ್ನೂ ಅವರೇ ನೋಡ್ಕೋಬೇಕು. 2022ರ ನಿಯಮದ ಅನುಸೂಚಿಯಲ್ಲೇ ಇದೆ, ಅರ್ಜಿ ಬರೆಯೋರು ಅದನ್ನ ಎತ್ತಿ ಬರೀರಿ.

ಮದ್ದೂರ್_ವಡೆ, ಮಂಗಳವಾರ ಸಂಜೆ 5.00

ಒಟ್ಟಿನಲ್ಲಿ ವೈರ್‌ಮ್ಯಾನ್ ಬಚಾವ್.

ವೈರ್‌ಮ್ಯಾನ್_ಮಂಡ್ಯ, ಮಂಗಳವಾರ ರಾತ್ರಿ 10.10

ಒಂದು ಸಣ್ಣ ಅನುಮಾನ. ಗೌರಿ-ಗಣೇಶ ಹಬ್ಬಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇನ್ನೂರು ಎಮರ್ಜೆನ್ಸಿ ಲೈಟ್ ತರಿಸ್ತೀನಿ. ಮೈಮೇಲೆ ನಮ್ಮ ಅಂಗಡಿ ಹೆಸರಿನ ಸ್ಟಿಕ್ಕರ್, ಕೆಳಗೆ ಅಪ್ಪನ ಹೆಸರು. ಅದೇನೂ ತೊಂದರೆ ಇಲ್ವಲ್ಲ?

ರೂಲ್‌ಬುಕ್_ರಾಯರು, ಮಂಗಳವಾರ ರಾತ್ರಿ 10.25

ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ!

ಬೇರೆಯವರು ಮಾಡಿದ ಸಾಮಾನನ್ನ ತನ್ನ ಬ್ರ್ಯಾಂಡ್ ಹೆಸರಲ್ಲಿ ಮಾರೋನು ನಿಯಮದ ಕಣ್ಣಿಗೆ ಡೀಲರ್ ಅಲ್ಲ, ಉತ್ಪಾದಕ. ವಿದೇಶದಿಂದ ತರಿಸಿ ಮಾರೋನೂ ಅಷ್ಟೇ. ಇ-ತ್ಯಾಜ್ಯ ನಿಯಮದಲ್ಲಿ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ ಸೂಕ್ಷ್ಮ ಉದ್ಯಮ ಆದವರಿಗೆ ವಿನಾಯಿತಿ ಇದೆ, ನಿಮಗೆ ಅದು ಸಿಗುತ್ತಾ ಅಂತ ನಿಮ್ಮ ಲೆಕ್ಕಪರಿಶೋಧಕರನ್ನ ಕೂರಿಸ್ಕೊಂಡು ನೋಡಿ. ಲೈಟಿನ ಒಳಗಿರೋ ಬ್ಯಾಟರಿಗೆ ಬೇರೆ ನಿಯಮ, ಅದನ್ನೂ ಬೇರೆಯಾಗೇ ಕೇಳಿ. ಪರಿಸರ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಿಂದ ಮೊದಲಿದ್ದ ಜೈಲಿನ ಬದಲು ದಂಡ ಬಂದಿದೆ, 10,000ದಿಂದ 15 ಲಕ್ಷ ರೂಪಾಯಿವರೆಗೆ.

ವೈರ್‌ಮ್ಯಾನ್_ಮಂಡ್ಯ, ಮಂಗಳವಾರ ರಾತ್ರಿ 10.31

ಅಪ್ಪ ಬದುಕಿದ್ದಿದ್ರೆ ಸ್ಟಿಕ್ಕರ್ ಕೀಳೋಕೆ ಬಿಡ್ತಿರಲಿಲ್ಲ. ಈ ವರ್ಷ ಕಂಪನಿ ಲೈಟೇ ಮಾರ್ತೀನಿ.

ಕಬ್ಬಿನಗದ್ದೆ, ಬುಧವಾರ ಬೆಳಿಗ್ಗೆ 7.20

ನಮ್ಮ ಪಂಪ್‌ಸೆಟ್ಟಿನ ಸೋಲಾರ್ ಪ್ಯಾನಲ್ ಮುಂದೆ ಯಾರು ತಗೋತಾರೆ ರಾಯರೇ? ಎಂಟು ಹಾಕ್ಸಿದೀನಿ, ಒಂದು ಕೋತಿ ಕಲ್ಲು ಬಿದ್ದು ಒಡೆದೈತೆ.

ರೂಲ್‌ಬುಕ್_ರಾಯರು, ಬುಧವಾರ ಬೆಳಿಗ್ಗೆ 9.50

ಅದಕ್ಕೂ 2022ರ ನಿಯಮದಲ್ಲಿ ಪ್ರತ್ಯೇಕ ಅಧ್ಯಾಯ ಇದೆ. 2034-35ರವರೆಗೆ ಬರುವ ಪ್ಯಾನಲ್ ತ್ಯಾಜ್ಯವನ್ನ ತಯಾರಕ, ಉತ್ಪಾದಕ ಕೂಡಿಟ್ಟುಕೊಳ್ಳಬೇಕು ಅಂತ. ಹಾಕಿಕೊಟ್ಟ ಕಂಪನಿಗೆ ಬರೆದು ಕೇಳಿ. ಕೋತಿ ಕಲ್ಲಿಗೆ ವಾರಂಟಿ ಮಾತ್ರ ಕೇಳಬೇಡಿ.

ವೈರ್‌ಮ್ಯಾನ್_ಮಂಡ್ಯ, ಶುಕ್ರವಾರ ರಾತ್ರಿ 9.15

ಆದದ್ದು ಹೇಳ್ತೀನಿ. ಮಿಕ್ಸಿಯೊಂದರ ವಾರಂಟಿ ಪುಸ್ತಕದ ಕೊನೇ ಪುಟದಲ್ಲಿ ಹಳೇ ಸಾಮಾನು ವಾಪಸಾತಿಗೆ ಅಂತ ಟೋಲ್‌ಫ್ರೀ ನಂಬರ್ ಇತ್ತು, ಮಾಡಿದೆ. ಕಂಪನಿ ಹೆಸರು ಬೇಡ. "ಪಿನ್‌ಕೋಡ್ ಹೇಳಿ" ಅಂದ್ಲು ಹುಡುಗಿ. 571401 ಅಂದೆ. "ನಿಮ್ಮ ಪ್ರದೇಶಕ್ಕೆ ಪಿಕಪ್ ಇಲ್ಲ, ಮೈಸೂರಿಗೆ ತಂದುಕೊಡಿ." ನಲವತ್ತೈದು ಕಿಲೋಮೀಟರ್ ಆಟೋದಲ್ಲಿ ಚಟ್ನಿ ಮೆತ್ತಿದ ಮಿಕ್ಸಿ ಒಯ್ಯೋದಾ? ಕೇಳಿದೆ, ಕರೆ ಕಟ್ ಆಯ್ತು.

ರಾಯರು ಕೊಟ್ಟ ಸಲಹೆ ಮೇಲೆ ಕೇಂದ್ರ ಮಂಡಳಿ ಪೋರ್ಟಲ್‌ನಲ್ಲಿ ಹೆಸರಿರೋ ರೀಸೈಕ್ಲರ್ ಒಬ್ಬರನ್ನ ಹಿಡಿದೆ. ಒಂದು ಅಂಗಡಿಗೆ ಗಾಡಿ ಕಳಿಸಲ್ಲ, ಒಟ್ಟು ಲೋಡ್ ಬೇಕು ಅಂದ್ರು. ವಿ.ವಿ. ರಸ್ತೆ, ನೂರಡಿ ರಸ್ತೆ, ಪೇಟೆ ಬೀದಿ ಸುತ್ತಿ ಒಂಬತ್ತು ಅಂಗಡಿಯವರನ್ನ ಒಪ್ಪಿಸಿದ್ದೀನಿ. ಇಬ್ಬರು "ನಿನಗೆಷ್ಟು ಕಮಿಷನ್" ಅಂದ್ರು. ಗಾಡಿ ಮುಂದಿನ ಗುರುವಾರ.

ಟ್ಯೂಬುಲರ್_150, ಶುಕ್ರವಾರ ರಾತ್ರಿ 9.40

ಸೆಲ್ಲು ಕೊಡೋವಾಗ ಹುಷಾರು. ಸಾದಾ ಸೆಲ್ಲು ಒಂದು ಕಡೆ, ಮೊಬೈಲ್, ಪವರ್‌ಬ್ಯಾಂಕ್ ಲಿಥಿಯಂ ಇನ್ನೊಂದು ಕಡೆ. ಲಿಥಿಯಂನ ಬಾಯಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗಿದ್ರೆ ಹತ್ಕೊಳ್ಳುತ್ತೆ. ಉಬ್ಬಿರೋದನ್ನ ಚುಚ್ಚಬೇಡಿ, ಒಣ ಮರಳಿರೋ ತಗಡಿನ ಡಬ್ಬದಲ್ಲಿಡಿ. ಗುಂಡಿ ಸೆಲ್ಲು ಮಕ್ಕಳ ಕೈಗೆ ಸಿಗಬಾರದು, ನುಂಗಿದ್ರೆ ಎರಡು ಗಂಟೆಯೊಳಗೇ ಅನ್ನನಾಳ ಸುಡುತ್ತೆ.

ಒಂಟಿಕೊಪ್ಪಲ್_ಅಕ್ಕ, ಶನಿವಾರ ಬೆಳಿಗ್ಗೆ 6.30

ಇದನ್ನೋದಿ ರಾತ್ರಿನೇ ಡಬ್ಬ ತೆಗೆದು ಗುಂಡಿ ಸೆಲ್ಲು ಎಣಿಸಿದೆ. ಹನ್ನೊಂದಿತ್ತು. ಎಲ್ಲಕ್ಕೂ ಟೇಪ್ ಹಚ್ಚಿ ಮೇಲಿನ ಅಟ್ಟಕ್ಕೆ. ವೈರ್‌ಮ್ಯಾನ್ ತಮ್ಮ, ನನ್ನ ಮಗ ಬುಧವಾರ ಮಂಡ್ಯ ಮೇಲೆ ಹೋಗ್ತಾನೆ. ಡಬ್ಬ ಕಳಿಸ್ಲಾ? ಬೇಡ ಅನ್ಬೇಡಪ್ಪ.

ವೈರ್‌ಮ್ಯಾನ್_ಮಂಡ್ಯ, ಶನಿವಾರ ಬೆಳಿಗ್ಗೆ 8.00

ಕಳಿಸಿ ಅಕ್ಕ. ಡಬ್ಬದ ತಳಕ್ಕೆ ಪೇಪರ್ ಹಾಕಿ.

ವೈರ್‌ಮ್ಯಾನ್_ಮಂಡ್ಯ, ಗುರುವಾರ ರಾತ್ರಿ 9.30

ಗಾಡಿ ಬಂತು, ಎರಡು ಗಂಟೆ ತಡ. ಮಿಕ್ಸಿ, ಗೀಸರ್, ಇಸ್ತ್ರಿ ಪೆಟ್ಟಿಗೆ, ಹಳೇ ಸ್ಟಾರ್ಟರ್‌ಗಳು, ಅಕ್ಕನ ಡಬ್ಬ ಎಲ್ಲ ತೂಗಿ ಹಾಕ್ಕೊಂಡ್ರು. ನನಗೆ ಸಿಕ್ಕಿದ್ದು ನಾನೂರ ಚಿಲ್ಲರೆ ರೂಪಾಯಿ ಮತ್ತೊಂದು ರಸೀದಿ. ಗೌಡನಿಗೆ ಮಾರಿದ್ರೆ ಇದರ ಮೂರರಷ್ಟು ಕೊಡ್ತಿದ್ದ, ಅದೂ ಸತ್ಯ.

ಸಂಜೆ ಮೇಷ್ಟ್ರು ಬಂದ್ರು. ಕಾನೂನೆಲ್ಲ ವಿವರಿಸಿ, ನನ್ನ ಮೇಲೆ ಹೊಣೆ ಇಲ್ಲ ಸಾರ್, ಆದ್ರೂ ಕಳಿಸಿದ್ದೀನಿ ಅಂತ ರಸೀದಿ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದ್ರು. "ಸೆಲ್ಲು ಅಂತ ಬರೆದಿದ್ದಾರೆ, ಮುಂದೆ ಕೆಜಿ ಎಲ್ಲಪ್ಪ?" ನೋಡಿದೆ, ನಿಜ, ಆ ಮನೆ ಖಾಲಿ. "ನಾಳೆ ಫೋನ್ ಮಾಡಿ ಬರೆಸ್ಕೋ" ಅಂದು ಒಂದು ಎಲ್‌ಇಡಿ ಬಲ್ಬು ತಗೊಂಡು ಹೋದ್ರು.

ಗುಜರಿ_ಗೌಡ, ಗುರುವಾರ ರಾತ್ರಿ 9.48

ಡಬ್ಬಾ ಟಿವಿ ಮೂರೂ ಒಯ್ದ್ರಾ ಅಣ್ಣ?

ವೈರ್‌ಮ್ಯಾನ್_ಮಂಡ್ಯ, ಗುರುವಾರ ರಾತ್ರಿ 9.52

ಎಲ್ಲಿ ಒಯ್ತಾರೆ. "ಇದಕ್ಕೆ ನೀವೇ ದುಡ್ಡು ಕೊಡಬೇಕು" ಅಂದ್ರು. ಮೆಟ್ಟಿಲ ಕೆಳಗೇ ಇವೆ.